ತೊಗಟೆ ತೆಗೆಯದ ಬಡಿಗತನ

ಹೊಸದಾಗಿ ಉಳಿ ಹಿಡಿದ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, "ಅಜ್ಜಾ, ಕಟ್ಟಿಗಿಗೆ ಪಾಲಿಶ್ ಹೆಂಗ ಹೊಡೀಬೇಕ್ರಿ?" ಅಂತ. "ಯಾವ ಕಟ್ಟಿಗಿಗೆ ಹೊಡೀಬಾರದು ಅನ್ನೋದು ಮೊದಲ ಕಲೀರಿ" ಅಂತೇನೆ. ನಗುತ್ತಾರೆ. ಮುದುಕ ಏನೋ ಅಂದ ಅಂತ ಎದ್ದು ಹೋಗುತ್ತಾರೆ. ಕೂಡಿಸಿ ಹೇಳೋಣ ಅಂದರೆ ಅವರಿಗೆ ಪುರುಸೊತ್ತಿಲ್ಲ, ನನ್ನ ಹತ್ತಿರ ಇರುವುದು ಅದೊಂದೇ. ಅದಕ್ಕೇ ಬರೆದಿಡುತ್ತಿದ್ದೇನೆ.

ಮುಂದೆ ನನಗೆ ತರಬೇತಿ ಕೇಂದ್ರದಲ್ಲಿ ಕಲಿಸುವ ನೌಕರಿ ಸಿಕ್ಕಿತು, ಅಲ್ಲಿಂದಲೇ ನಿವೃತ್ತನಾದೆ, ಕೊನೆಯ ದಿನ ಶಾಲು ಹೊದಿಸಿ ಮಾತಾಡಿದರು. ಅದನ್ನು ಬರೆದರೆ ಯಾರಿಗೂ ಉಪಯೋಗವಿಲ್ಲ. ನಾನು ಹೇಳಹೊರಟದ್ದು ಅದಕ್ಕಿಂತ ಹಿಂದಿನದು. ಬಾದಾಮಿಯ ನಮ್ಮ ಓಣಿಯಲ್ಲಿ ಕೂತು, ಗಿಡದ ಕೊಂಬೆಯನ್ನು ಕೊಂಬೆಯ ಹಾಗೇ ಉಳಿಸಿ, ಅದರಿಂದ ಮೇಣಬತ್ತಿ ಸ್ಟ್ಯಾಂಡು ಮಾಡುತ್ತಿದ್ದ ಕಾಲದ್ದು.

ನಮ್ಮ ದೊಡ್ಡಪ್ಪ ಕಾಳಪ್ಪ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ಬಾಚಿ ಹಿಡಿಯುವುದರಿಂದ ಹಿಡಿದು ನಾಲ್ಕು ಮಂದಿಯಲ್ಲಿ ಮಾತಾಡುವ ತನಕ ಎಲ್ಲ ಕಲಿಸಿದವನು ಅವನೇ. ಎತ್ತಿನ ಗಾಡಿಯ ಗಾಲಿ ಮಾಡುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ ಸಮ ಇರಲಿಲ್ಲ. ಅವನು ಮಾಡಿದ ಗಾಲಿ ಉರುಳಿದರೆ ಸದ್ದಿನಿಂದಲೇ ಗುರುತು ಹಿಡಿಯುತ್ತಿದ್ದರು. ಓಣಿಯ ರೈತರ ನೇಗಿಲು, ಕುಂಟೆ, ಕೂರಿಗೆ ಏನೇ ಮುರಿಯಲಿ, ವರ್ಷವಿಡೀ ದುರಸ್ತಿ ಮಾಡಿ ಕೊಡುತ್ತಿದ್ದ. ಅದಕ್ಕೆ ರೊಕ್ಕ ಇಸಿದುಕೊಳ್ಳುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ರಾಶಿ ಆದ ದಿನ ಕಣಕ್ಕೆ ಹೋದರೆ ಜೋಳ ಅಳೆದು ಚೀಲಕ್ಕೆ ಹಾಕುತ್ತಿದ್ದರು. ಇದಕ್ಕೆ ಆಯ ಅನ್ನುತ್ತಾರೆ. ಆಯ ಅಂದರೆ ಕೂಲಿಯಲ್ಲ, ದಾನ ಮೊದಲೇ ಅಲ್ಲ, ಹಕ್ಕು. ದೊಡ್ಡಪ್ಪ ಕಣದ ಅಂಚಿಗೆ ಚೀಲ ಹಿಡಿದು ನಿಲ್ಲುತ್ತಿದ್ದ, ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಸುಗ್ಗಿ ಬಿಟ್ಟು ಬೇರೆ ದಿನ ಯಾರ ಬಾಗಿಲಿಗೂ ಹೋಗಿ ಇದು ಕೊಡ್ರಿ ಅಂದವನಲ್ಲ.

ಅವನದೊಂದು ನೇಮವಿತ್ತು. ತೊಗಟೆ ಅಂಟಿಕೊಂಡ ಸಾಮಾನು ನಮ್ಮ ಹೊಸ್ತಿಲು ದಾಟಬಾರದು. ಕಾಣದ ಕಡೆ, ಗಾಡಿಯ ತಳದಲ್ಲಿ ಹೋಗಿ ಕೂಡುವ ಮರದ ತುಂಡಾದರೂ ಅದನ್ನು ಕೆತ್ತಿ, ರಂಧಾ ಹೊಡೆದು ನುಣುಪು ಮಾಡಿ, ಅಂಗೈ ಆಡಿಸಿ ನೋಡಿ ಕೊಡುತ್ತಿದ್ದ. "ತೊಗಟಿ ಸಮೇತ ಕೊಡೋದಂದ್ರ ಹಿಟ್ಟು ಕಲಸಿ ಗಂಗಾಳದಾಗ ಇಟ್ಟು ರೊಟ್ಟಿ ಉಣ್ರಿ ಅಂದಂಗ" ಅನ್ನುತ್ತಿದ್ದ.

ಎಪ್ಪತ್ತರ ದಶಕ ಅರ್ಧ ದಾಟುವ ಹೊತ್ತಿಗೆ ಟಾಯರ್ ಗಾಡಿ ಬಂದವು. ಕಟ್ಟಿಗೆಯ ಗಾಲಿ ಕೇಳುವವರು ಕಡಿಮೆಯಾದರು. ಕಬ್ಬಿಣದ ನೇಗಿಲು ಬಂದ ಮೇಲೆ ಆಯ ಕೊಡುವ ಮನೆಗಳೂ ಒಂದೊಂದಾಗಿ ಸರಿದವು. ಬಾಗಲಕೋಟೆಯಲ್ಲಿ ಪರಿಚಯದವರ ಸಾಮಿಲ್ ಇತ್ತು. ಕಟ್ಟಿಗೆ ಸೀಳುವ ಮಷೀನಿನ ಮುಂದೆ ನಿಲ್ಲುವ ಕೆಲಸ. ನನ್ನನ್ನು ಅಲ್ಲಿಗೆ ಕಳಿಸುವ ಮಾತು ಮನೆಯಲ್ಲಿ ಎದ್ದಿತ್ತು. ನಾನು ಹೋದರೆ ನಮ್ಮ ಕೊಟ್ಟಿಗೆಗೆ, ಅಂದರೆ ಕೆಲಸ ಮಾಡುವ ಆ ಉದ್ದನೆಯ ಪಡಸಾಲೆಗೆ, ಬೀಗ ಬೀಳುವುದು ಖಾತ್ರಿಯಿತ್ತು. ದೊಡ್ಡಪ್ಪನಿಗೆ ಒಬ್ಬಳೇ ಮಗಳು, ಹುನಗುಂದಕ್ಕೆ ಕೊಟ್ಟಿದ್ದರು. ಆ ಜಾಗಕ್ಕೆ ಮುಂದೆ ಕೈ ಅಂತ ಇದ್ದದ್ದು ನನ್ನದೊಂದೇ ಜೋಡಿ.

ಆ ದಿನಗಳಲ್ಲಿ ಕರೆಂಟು ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಸಂಜೆಯಾದರೆ ದೊಡ್ಡವ್ವ ತಂಬಿಗೆ ಬೋರಲು ಹಾಕಿ ಅದರ ಮೇಲೆ ಮೇಣಬತ್ತಿ ಅಂಟಿಸುತ್ತಿದ್ದಳು. ಬೆಳಿಗ್ಗೆ ಆ ಮೇಣ ಕೆರೆದು ತಂಬಿಗೆ ತೊಳೆಯುವಾಗ ನನ್ನ ಕಡೆ ನೋಡಿ ಒಂದು ದಿನ ಅಂದಳು:

"ಮೌನ್ಯಾ, ಊರಿಗೆಲ್ಲಾ ಗಾಲಿ ಮಾಡಿ ಕೊಟ್ಟ ಮನಿಯಾಗ ಒಂದ ಬತ್ತಿ ನಿಂದ್ರಾಕ ಜಾಗಾ ಇಲ್ಲಲ್ಲೋ. ಮಂದಿ ಕೇಳಿದ್ರ ನಾ ಏನಂತ ಹೇಳ್ಲಿ?"

ಒಲೆಗೆ ಇಟ್ಟಿದ್ದ ಜಾಲಿ ಕಟ್ಟಿಗೆಯಲ್ಲಿ ಒಂದು ಮೊಳದ ತುಂಡು ಆರಿಸಿದೆ. ತಳ ಸಮ ಮಾಡಿದೆ, ಮೇಲೆ ಗಿರಮಿಟ್‌ನಿಂದ, ಕೈಯಲ್ಲಿ ತಿರುವಿ ತೂತು ಕೊರೆಯುವ ಆ ಹತಾರದಿಂದ, ಹೆಬ್ಬೆರಳು ಹೋಗುವಷ್ಟು ತೂತು ಹೊಡೆದೆ. ಉಳಿದದ್ದನ್ನು ಮುಟ್ಟಲಿಲ್ಲ. ಜಾಲಿಯ ತೊಗಟೆ ಕಪ್ಪು, ಉದ್ದಕ್ಕೂ ಸೀಳು ಸೀಳು. ಬತ್ತಿ ಹಚ್ಚಿ ಇಟ್ಟರೆ ಆ ಸೀಳಿನಲ್ಲೆಲ್ಲ ಬೆಳಕು ನೆರಳು ಇಳಿದು, ಗಿಡ ಇನ್ನೂ ನಿಂತೇ ಇದೆಯೇನೋ ಅನ್ನುವ ಹಾಗೆ ಕಂಡಿತು.

ದೊಡ್ಡಪ್ಪ ಅದನ್ನು ತಿರುಗಿಸಿ ನೋಡಿದ. "ಕೆತ್ತೋದು ಮರತೇನು?"

"ಇಲ್ಲ, ಹಂಗ ಇರ್ಲಿ ಅಂತ..."

"ಉರವಲಕ್ಕ ತೂತು ಹೊಡದಿ. ಒಲಿ ಕಡೆ ಇಡು, ಅಂಗಳಕ್ಕ ತರಬ್ಯಾಡ."

ಆದರೂ ಅದು ಅಂಗಳಕ್ಕೆ ಬಂತು. ಪಟ್ಟದಕಲ್ಲಿನಲ್ಲಿ ಅಂಗಡಿ ಇಟ್ಟಿದ್ದ ಇಮಾಮಸಾಬ ಚಾಚಾ ತನ್ನ ಅಂಗಡಿಯ ಹಲಗೆ ಸರಿ ಮಾಡಿಸಲು ಬಂದವರು ಅದನ್ನು ಕಂಡರು. ಗುಡಿ ನೋಡಲು ಬರುವವರಿಗೆ ಗೊಂಬೆ, ಫೋಟೋ, ಶರಬತ್ತು ಮಾರುವ ಅಂಗಡಿ ಅದು. "ಇಂಥಾವು ಒಂದೀಟು ಮಾಡಿ ಕೊಡೋ ಮೌನೇಶಿ. ನನ್ನ ಗಿರಾಕಿ ಕಲ್ಲಿನ ಬಸವಣ್ಣನ್ನ ನೋಡಿ ನೋಡಿ ದಣದಾರ" ಅಂದರು. ಮಾಡಿ ಕೊಟ್ಟೆ. ಹೋದವು. ಓಣಿಯಲ್ಲಿ ಅದಕ್ಕೆ ಬತ್ತಿಕೊರಡು ಅಂತ ಹೆಸರೂ ಬಿತ್ತು.

ಹೆಸರು ಬಿದ್ದಷ್ಟು ಸುಲಭಕ್ಕೆ ಕೆಲಸ ಕೂಡಿ ಬರಲಿಲ್ಲ. ಇದನ್ನು ಹುಡುಗರು ಗಮನಿಸಿ ಓದಬೇಕು. ಮೊದಲ ತಂಡದವು ಎಲ್ಲ ಬಗೆಯಲ್ಲೂ ಕೈ ಕೊಟ್ಟವು. ಒಂದು ಬ್ರ್ಯಾಂಡಿನ ಬತ್ತಿಗೆ ಸರಿಯಾಗಿ ಹೊಡೆದ ತೂತಿನಲ್ಲಿ ಮತ್ತೊಂದು ಬತ್ತಿ ಕುಡಿದವರ ಹಾಗೆ ವಾಲುತ್ತಿತ್ತು. ಬತ್ತಿ ಪೂರ್ತಿ ಉರಿದು ತಳ ಮುಟ್ಟಿದರೆ ಕಟ್ಟಿಗೆಯೇ ಹೊಗೆಯಾಡುತ್ತಿತ್ತು. ಚಾಚಾನ ಅಂಗಡಿಯಲ್ಲಿ ಒಂದು ಹಾಗೇ ಹೊತ್ತಿಕೊಂಡಾಗ ಅವರು ಅದರ ಮೇಲೆ ಒಂದು ಗ್ಲಾಸು ನಿಂಬೆ ಶರಬತ್ತು ಸುರಿದು, "ಇದರ ರೊಕ್ಕ ಯಾರ ಲೆಕ್ಕಕ್ಕ ಹಚ್ಚಲಿ?" ಅಂತ ನನ್ನನ್ನು ಕೇಳಿದರು. ಆಮೇಲೆ ನಾನು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸಣ್ಣ ಬಟ್ಟಲು ಮಾಡಿ ತೂತಿನೊಳಗೆ ಕೂಡಿಸಲು ಕಲಿತೆ. ಬಟ್ಟಲಿನ ಅಂಚನ್ನು ಹೂವಿನ ಎಸಳಿನ ಹಾಗೆ ಸೀಳಿದರೆ, ಬತ್ತಿ ದಪ್ಪವಿರಲಿ ಸಣ್ಣವಿರಲಿ, ಎಸಳನ್ನು ಒಳಗೆ ಒತ್ತಿ ಬಿಗಿ ಮಾಡಬಹುದು. ಒಂದೇ ಬಟ್ಟಲು ಎರಡು ರೋಗಕ್ಕೂ ಔಷಧ ಆಯಿತು.

ಮೂರನೆಯ ರೋಗ ಹುಳ. ತೊಗಟೆಯ ಕೆಳಗೆ ಕೂತು ಹಗಲೂ ರಾತ್ರಿ ತಿಂದು, ಹಿಟ್ಟಿನಂಥ ಪುಡಿ ಉದುರಿಸುತ್ತದೆ. ನಾಲ್ಕನೆಯದು, ಮಾಡಿದ ತಿಂಗಳಿಗೆ ತೊಗಟೆಯೇ ಅಂಗಿಯ ಹಾಗೆ ಕಳಚಿ ಕೈಗೆ ಬರುವುದು. ಇವೆರಡಕ್ಕೂ ದಾರಿ ತೋರಿಸಿದವನು, ಉರವಲು ಅಂತ ಹಂಗಿಸಿದ ದೊಡ್ಡಪ್ಪನೇ. ಅವನಿಗೆ ಬತ್ತಿಕೊರಡಿನ ಮೇಲೆ ಗೌರವ ಇರಲಿಲ್ಲ, ಆದರೆ ಕಟ್ಟಿಗೆಯ ಬಗ್ಗೆ ಯಾರು ಏನು ಕೇಳಿದರೂ ಹೇಳದೆ ಇರುವುದು ಅವನಿಂದ ಆಗುತ್ತಿರಲಿಲ್ಲ.

"ಮಳಿಗಾಲದಾಗ ಕಡದೀ ಏನು?"

"ಹೌದು."

"ಮಳಿಗಾಲದಾಗ ಗಿಡದ ಮೈತುಂಬ ರಸ ಏರಿರತೈತಿ. ತೊಗಟಿ ಒಳಗ ಒದ್ದಿ ಇದ್ದಂಗ. ಆಗ ಕಡದ್ರ ಬಿಚ್ಚಿ ಬರತೈತಿ. ಬ್ಯಾಸಗಿಯಾಗ ಎಲಿ ಉದುರಿಸಿ ಸುಮ್ನ ನಿಂತಿರತೈತಲ್ಲ, ಆಗ ಕಡಿ. ತೊಗಟಿ ಎಲುವು ಹಿಡದಂಗ ಹಿಡೀತೈತಿ. ಆಮ್ಯಾಲ ಒಲಿ ಮ್ಯಾಲಿನ ಅಟ್ಟಕ್ಕ ಏರಸು. ಹೊಗಿ ಕುಡದ ಕಟ್ಟಿಗಿಗೆ ಹುಳ ಬಾಯಿ ಹಾಕಂಗಿಲ್ಲ."

ಇಷ್ಟು ಹೇಳಿ ಮತ್ತೆ ತನ್ನ ಕೆಲಸಕ್ಕೆ ತಿರುಗಿದ. ನನ್ನ ಇಡೀ ಕಸುಬು ಆ ನಾಲ್ಕು ಮಾತಿನ ಮೇಲೆ ನಿಂತಿದೆ. ಮುಂದೆ ಕರೆಂಟಿನ ಡ್ರಿಲ್ಲು ಬಂತು, ಒಂದು ತಾಸಿನ ಕೆಲಸ ಗಳಿಗೆಗೆ ಬಂತು. ಆದರೆ ಯಾವ ತಿಂಗಳಲ್ಲಿ ಕಡಿಯಬೇಕು ಅನ್ನುವುದನ್ನು ಡ್ರಿಲ್ಲು ಹೇಳುವುದಿಲ್ಲ.

ಗಿರಾಕಿಗಳೂ ಕಲಿಸುತ್ತಾರೆ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಕರೆಸಿದ್ದರು. ಕರೆಂಟು ಹೋದಾಗ ಗಾದಿಯ ಮೇಲೆ ಸೀರೆ ಬಿಚ್ಚಿ ತೋರಿಸಲು ಬೆಳಕು ಬೇಕು, ಆದರೆ ಬತ್ತಿ ಉರುಳಿದರೆ ಸೀರೆಯ ಗತಿ ಏನು ಅನ್ನುವ ಚಿಂತೆ ಅವರಿಗೆ. ನಾನು ಒಯ್ದ ಕೊರಡನ್ನು ಗಾದಿಯ ಮೇಲಿಟ್ಟು ಮೊಣಕೈಯಿಂದ ತಟ್ಟಿದರು, ಅಡ್ಡ ಬಿತ್ತು. ನನ್ನ ಮುಖ ನೋಡಿದರು. ವಾಪಸು ಬಂದು ಹುಣಸೆಯ ಬೇರಿನ ಬುಡ ಹುಡುಕಿದೆ. ಹುಣಸೆಯ ಬುಡ ಭಾರ, ಆನೆಯ ಪಾದದ ಹಾಗೆ ಅಗಲ. ಅದರ ಮೇಲೆ ಬತ್ತಿ ಇಟ್ಟು ಒಯ್ದೆ. ತಟ್ಟಿದರು, ನೂಕಿದರು, ಕಡೆಗೆ ಗಾದಿಯನ್ನೇ ಎಳೆದರು. ಅಲ್ಲಾಡಲಿಲ್ಲ. "ಇದು ಆತು ನೋಡ್ರಿ" ಅಂದು, ಮನೆಯವರಿಗೆ ತೋರಿಸಲು ಒಳಗೆ ಹೊತ್ತು ಒಯ್ದರು. ಅಲ್ಲಿಂದ ನನಗೆ, ಕಣ್ಣಿಗೆ ಚೆಂದ ಕಂಡ ಕೊಂಬೆಯನ್ನು ಮೊದಲು ನೆಲದ ಮೇಲೆ ನಿಲ್ಲಿಸಿ ತಟ್ಟಿ ನೋಡುವುದು ರೂಢಿಯಾಯಿತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಬಾದಾಮಿಯಲ್ಲಿ ನಮ್ಮ ಓಣಿಯ ತುದಿಯಿಂದ ಕಾಣುವಷ್ಟು ಹತ್ತಿರ ಒಂದು ಹೊಸ ಲಾಡ್ಜು ಎದ್ದಿತು. ಮೇಣಬಸದಿಯ ಗುಹೆ, ಪಟ್ಟದಕಲ್ಲು ನೋಡಲು ಬರುವವರಿಗಾಗಿ ಕಟ್ಟಿಸಿದ್ದು. ಅದರ ಮ್ಯಾನೇಜರ್ ಕರಾವಳಿ ಕಡೆಯವರು, ರಾಯರು ಅಂತಿದ್ದೆವು. ಮೆತ್ತಗೆ ಮಾತಾಡುವವರು, ಮಾತು ಮಾತ್ರ ಅಳೆದು ಕತ್ತರಿಸಿದ ಹಾಗೆ. ಚಾಚಾನ ಅಂಗಡಿಯಲ್ಲಿ ನನ್ನ ಕೊರಡು ನೋಡಿ ಮನೆ ಹುಡುಕಿಕೊಂಡು ಬಂದರು.

"ಊಟದ ಕೋಣೆಯ ಒಂದೊಂದು ಮೇಜಿಗೂ ಒಂದೊಂದು ಬೇಕು ಮೌನೇಶ್. ಕಿಟಕಿಯಿಂದ ಗುಡ್ಡ ಕಾಣುತ್ತದೆ. ಮೇಜಿನ ಮೇಲೂ ಅದೇ ಗುಡ್ಡದ ಒಂದು ಚೂರು ಇದ್ದ ಹಾಗಿರಬೇಕು. ತೊಗಟೆ ಹೇಗಿದೆಯೋ ಹಾಗೇ. ವಿಜಯದಶಮಿಗೆ ಲಾಡ್ಜು ತೆರೆಯುತ್ತೇವೆ. ಇವು ಚೆನ್ನಾಗಿ ಕಂಡರೆ ಕೋಣೆಗಳಿಗೂ ನಿಮ್ಮಿಂದಲೇ ಮಾಡಿಸುತ್ತೇನೆ."

ಅಷ್ಟು ದೊಡ್ಡ ಕೆಲಸ ನಮ್ಮ ಕೊಟ್ಟಿಗೆಗೆ ಬಂದು ಎಷ್ಟೋ ಕಾಲವಾಗಿತ್ತು. ಬೇಸಿಗೆಯಲ್ಲಿ ಕಡಿದು ಅಟ್ಟದಲ್ಲಿ ಹೊಗೆ ಕುಡಿಸಿದ ಜಾಲಿ, ಬೇವು, ಬಾರಿ ಗಿಡದ ಕೊಂಬೆಗಳು ನನ್ನ ಹತ್ತಿರ ಸಾಕಷ್ಟು ಇದ್ದವು. ದೊಡ್ಡಪ್ಪ ಆಗ ಊರಲ್ಲಿರಲಿಲ್ಲ, ಮಗಳ ಮನೆಯ ಬಾಗಿಲ ಚೌಕಟ್ಟು ಮಾಡಲು ಹುನಗುಂದಕ್ಕೆ ಹೋಗಿದ್ದ. ಅಲ್ಲಿಂದಲೇ ಹೇಳಿ ಕಳಿಸಿದ: ಈ ಕೆಲಸ ಕೂಡಿ ಬಂದರೆ ಮೌನ್ಯಾ ಇಲ್ಲೇ ಇರಲಿ, ಕೂಡದಿದ್ದರೆ ಹಬ್ಬ ಮುಗಿದ ಮೇಲೆ ಬಾಗಲಕೋಟೆಗೆ ಹೋಗಲಿ.

ಒಂದೊಂದು ಕೊಂಬೆಯನ್ನೂ ನಿಲ್ಲಿಸಿ, ತಟ್ಟಿ, ಕವಲು ಎತ್ತ ವಾಲಿದೆ ನೋಡಿ ಆರಿಸಿದೆ. ತಳ ಕೊಯ್ದು ತೂತು ಹೊಡೆದು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಲಾಡ್ಜಿಗೆ ತಗಡಿನ ಬಟ್ಟಲು ಬೇಡ, ಹಿತ್ತಾಳೆಯದೇ ಇರಲಿ ಅಂತ ಬಾಗಲಕೋಟೆಯಲ್ಲಿ ಮಾಡಲು ಹೇಳಿದ್ದೆ. ಅವನ್ನು ತರಲು ಹೋದವನು ಬಟ್ಟಲು ಸಿದ್ಧವಿಲ್ಲದೆ ಅಲ್ಲೇ ಉಳಿದು ಮರುದಿನ ಸಂಜೆಯ ಬಸ್ಸಿಗೆ ಬಂದೆ.

ಅಷ್ಟರಲ್ಲಿ ದೊಡ್ಡಪ್ಪ ಹುನಗುಂದದಿಂದ ಬಂದಿದ್ದ.

ಪಡಸಾಲೆಯಲ್ಲಿ ಕಾಲಿಡುತ್ತಲೇ ಅಗಸಿ ಎಣ್ಣೆಯ ವಾಸನೆ ಬಂತು. ನೆಲದ ತುಂಬ ತೊಗಟೆಯ ಚೂರು. ಗೋಡೆಗುಂಟ ನನ್ನ ಕೊರಡುಗಳು ನಿಂತಿದ್ದವು, ಒಂದರ ಮೈಮೇಲೂ ತೊಗಟೆ ಇರಲಿಲ್ಲ. ಕೆತ್ತಿ, ರಂಧಾ ಹೊಡೆದು, ಉಸುಕಿನ ಕಾಗದದಿಂದ ತಿಕ್ಕಿ, ಎಣ್ಣೆ ಕುಡಿಸಿ, ಒಂದೊಂದೂ ಜಳಕ ಮಾಡಿಸಿದ ಕೂಸಿನ ಹಾಗೆ ಹೊಳೆಯುತ್ತಿತ್ತು. ನಡುವೆ ದೊಡ್ಡಪ್ಪ ಕೂತು ಕೊನೆಯದನ್ನು ಅರಿವೆಯಿಂದ ಒರೆಸುತ್ತಿದ್ದ. ಎರಡು ದಿನ ಬಗ್ಗಿ ಕೂತವನ ಬೆನ್ನು ನೆಟ್ಟಗೆ ಬರುತ್ತಿರಲಿಲ್ಲ. ಮುಖದ ಮೇಲೆ ಮಾತ್ರ ಬಹಳ ದಿನದ ಮೇಲೆ ನಗು ಇತ್ತು.

"ಬಂದೇನು? ನೀ ಒಬ್ಬನ ಎಷ್ಟಂತ ಮಾಡ್ತಿ ಅಂತ ಉಳದದ್ದು ನಾ ಮುಗಿಸೇನಿ ನೋಡು. ಚಾಚಾನ ಅಂಗಡಿಗೆ ಹೆಂಗ ಕೊಟ್ರೂ ನಡೀತಿತ್ತು. ದೊಡ್ಡ ಮಂದಿ ಉಣ್ಣಾಕ ಕೂಡೋ ಜಾಗಾದಾಗ ತೊಗಟಿ ಇಟ್ರ ನಮ್ಮ ಮನಿತನಕ್ಕ ಏನಂದಾರು?"

ಸಿಟ್ಟು ಯಾರ ಮೇಲೆ ಮಾಡಲಿ? ಎಂಥ ಬಡಿಗನೂ ಅದಕ್ಕಿಂತ ಚೆಂದ ಮಾಡುತ್ತಿರಲಿಲ್ಲ. ಬೇವಿನ ಗಂಟುಗಳೆಲ್ಲ ನೀರಿನ ಸುಳಿಯ ಹಾಗೆ ಎದ್ದು ಕಾಣುತ್ತಿದ್ದವು. ಅಡುಗೆಮನೆಯ ಬಾಗಿಲಲ್ಲಿ ನಿಂತ ದೊಡ್ಡವ್ವ ನನ್ನ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಅಂತ ತಿಳಿದಳು. "ಕೈ ಕಾಲು ತೊಳಕೊ, ಮೊದಲ ಉಣ್ಣು" ಅಂದಳು, ಅಷ್ಟೇ.

ಬೆಳಿಗ್ಗೆ ಎರಡು ಕೊರಡು ಚೀಲದಲ್ಲಿ ಹಾಕಿಕೊಂಡು ರಾಯರ ಹತ್ತಿರ ಹೋದೆ. ದೊಡ್ಡಪ್ಪನೂ ರುಮಾಲು ಸುತ್ತಿಕೊಂಡು ಬಂದ. ಕೆಲಸ ಒಪ್ಪಿಸುವಾಗ ಹಿರಿಯರು ಇರಬೇಕು ಅನ್ನುವುದು ಅವನ ಪದ್ಧತಿ. ಬೇಡ ಅನ್ನಲು ನನ್ನಿಂದ ಆಗಲಿಲ್ಲ.

ಲಾಡ್ಜಿನ ಊಟದ ಕೋಣೆಯಲ್ಲಿ ರಾಯರು ಕೊರಡನ್ನು ಕೈಗೆ ತಗೊಂಡು ಬಹಳ ಹೊತ್ತು ತಿರುಗಿಸಿದರು. "ಇದು ತುಂಬ ಸೊಗಸಾಗಿದೆ" ಅಂದರು. "ಆದರೆ ನಾನು ಕೇಳಿದ್ದು ಇದಲ್ಲ ಮೌನೇಶ್. ನುಣುಪಾದದ್ದೇ ಬೇಕಿದ್ದರೆ ಹುಬ್ಬಳ್ಳಿಯಿಂದ ತರಿಸುತ್ತಿದ್ದೆ. ಇನ್ನು ಸಮಯವಿಲ್ಲ. ನಿಮ್ಮಿಂದ ಆಗದಿದ್ದರೆ ಹೇಳಿಬಿಡಿ, ನಾನು ಸ್ಟೀಲಿನವು ತರಿಸಿಕೊಳ್ಳುತ್ತೇನೆ. ನನಗೆ ಬೇಸರವಿಲ್ಲ."

ದೊಡ್ಡಪ್ಪ ನನ್ನ ಕಡೆ ನೋಡಿದ. ಆಮೇಲೆ ಆ ಕೋಣೆಯನ್ನು ನೋಡಿದ. ಒಂದು ಕುರ್ಚಿಯ ಹತ್ತಿರ ಹೋಗಿ, ಕೂಡದೆ, ಕೂತವರ ಕಣ್ಣು ಬೀಳುವ ಎತ್ತರಕ್ಕೆ ಬಗ್ಗಿ ಕಿಟಕಿಯಿಂದ ಹೊರಗೆ ನೋಡಿದ. ಕೆಂಪು ಬಂಡೆ, ಅದರ ಸೀಳಿನಲ್ಲಿ ಬೇರು ಬಿಟ್ಟ ಗಿಡ. ಗಾಲಿಯ ಅಳತೆ ನೋಡುವಾಗ ಹಾಗೇ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

ಕೊಟ್ಟಿಗೆಯ ಹತ್ತಿರ ಬಂದ ಮೇಲೆ ದೊಡ್ಡಪ್ಪ ಅಂದ: "ನನ್ನ ಕೈ ಕೆಟ್ಟ ಕೆಲಸ ಮಾಡಿ ಕೆಡಿಸಿದ್ರ ನಾ ತಡಕೋತಿದ್ದೆ. ಚಲೋ ಮಾಡಿ ಕೆಡಸೇತಿ. ಇದನ್ನ ಎಲ್ಲಿ ಇಡ್ಲಿ?"

ಹೊಸ ಕೊಂಬೆ ಕಡಿಯೋಣ ಅಂದರೆ ಮಳೆಗಾಲ ಆಗತಾನೆ ಮುಗಿದಿತ್ತು, ಗಿಡದ ಮೈತುಂಬ ರಸ. ಹಾಗೆ ಕಡಿದದ್ದನ್ನು ಕೊಟ್ಟರೆ ಉಣ್ಣುವವರ ಗಂಗಾಳದಲ್ಲೇ ತೊಗಟೆ ಕಳಚಿ ಬೀಳುತ್ತದೆ. ಅಟ್ಟದಲ್ಲಿದ್ದದ್ದೆಲ್ಲ ಮುಗಿದಿತ್ತು. ಇನ್ನೊಂದು ತೊಡಕೂ ಇತ್ತು. ಮಹಾನವಮಿಗೆ ನಮ್ಮ ಹತಾರಗಳೆಲ್ಲ ತೊಳೆದು ಪೂಜೆಗೆ ಕೂಡುತ್ತವೆ. ಕೂಡಿಸಿದ ಮೇಲೆ ಮುಟ್ಟುವಂತಿಲ್ಲ. ಏನೇ ಮಾಡಿದರೂ ಅದರ ಹಿಂದಿನ ಸಂಜೆಯೊಳಗೆ ಮಾಡಬೇಕು. ನಾನು ಮನಸ್ಸಿನಲ್ಲೇ ಬಾಗಲಕೋಟೆಗೆ ಹೊರಟಿದ್ದೆ.

ದೊಡ್ಡಪ್ಪ ಊಟಕ್ಕೆ ಏಳಲಿಲ್ಲ. ಕಂಬಕ್ಕೆ ಒರಗಿ ಹಿತ್ತಲ ಕಡೆ ನೋಡುತ್ತ ಕೂತಿದ್ದ. ಪಕ್ಕದ ಮನೆಯ ನೀಲವ್ವ ಬೇಲಿಯಾಚೆ ಒಟ್ಟಿದ ಕಟ್ಟಿಗೆಯಿಂದ ಒಲೆಗೆ ಎರಡು ಎಳೆದುಕೊಳ್ಳುತ್ತಿದ್ದಳು. ದೊಡ್ಡಪ್ಪ ಎದ್ದ. ಬೇಲಿಯ ತನಕ ಹೋಗಿ, ಕೈ ಚಾಚಿ ಒಂದು ಕಟ್ಟಿಗೆಯ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಏಳಲಿಲ್ಲ.

"ನೀಲವ್ವಾ, ಇದು ಎಂದು ಕಡದದ್ದು?"

"ಬ್ಯಾಸಗಿಯಾಗ್ರಿ ಕಾಳಪ್ಪಣ್ಣ. ಮಳಿ ಹಿಡಿಯೋದ್ರಾಗ ಎಲ್ಲಾರೂ ಒಟ್ಟತಾರಲ್ಲ."

ಅದನ್ನು ನಾನು ದಿನಾ ನೋಡುತ್ತಿದ್ದೆ, ಯೋಚಿಸಿರಲಿಲ್ಲ. ಓಣಿಯ ಪ್ರತಿ ಹಿತ್ತಲಲ್ಲೂ ಎಲೆ ಉದುರಿದ ಕಾಲದಲ್ಲಿ ಕಡಿದು, ಬಿಸಿಲಲ್ಲಿ ಒಣಗಿಸಿ, ಸೋಗೆಯ ಮರೆಯಲ್ಲಿ ಒಟ್ಟಿದ ಕಟ್ಟಿಗೆ ಇತ್ತು. ಆದರೆ ಅದು ಕೇಳಿ ತರಬೇಕಾದದ್ದು. ದೊಡ್ಡಪ್ಪ ಬೇಲಿಯ ಹತ್ತಿರ ಹಾಗೇ ನಿಂತ. ಕೇಳಬೇಕು ಅಂತ ಅವನಿಗೂ ಗೊತ್ತಿತ್ತು, ಸುಗ್ಗಿ ಬಿಟ್ಟು ಬೇರೆ ದಿನ ಕೇಳಿ ರೂಢಿಯಿರಲಿಲ್ಲ.

ದೊಡ್ಡವ್ವ ಹಿಂದಿನಿಂದ ಅಂದಳು: "ಇಷ್ಟ ವರ್ಷ ಕಣದಾಗ ಜೋಳಕ್ಕ ನಿಂತಿ. ಈಗ ಹಿತ್ತಲದಾಗ ಕಟ್ಟಿಗಿಗೆ ನಿಂದ್ರು. ಕಾಲು ಅವ ಅಲ್ಲೇನು?"

ನೀಲವ್ವ ಅತ್ತಿಂದ ಇಣುಕಿದಳು. "ಏನ ಬೇಕಾಗಿತ್ರಿ ಅಣ್ಣಾ?"

ದೊಡ್ಡಪ್ಪ ರುಮಾಲು ಸರಿ ಮಾಡಿಕೊಂಡ. "ಈ ಸಲ ಸುಗ್ಗಿಗೆ ನನಗ ಜೋಳ ಅಳೀಬ್ಯಾಡ ತಂಗಿ. ಆಯ ಅಂತ ಈಗ ನಾಕು ಕಟ್ಟಿಗಿ ಕೊಡು. ತೊಗಟಿ ಗಟ್ಟಿ ಇರೋವು ನಾನ ಆರಿಸಿಕೋತೇನಿ."

"ಉರವಲಕ್ಕ ಆಯಾ ಕೇಳಿದವರನ್ನ ನಾ ಇವತ್ತ ನೋಡಿದೆ" ಅಂತ ನೀಲವ್ವ ನಕ್ಕಳು. ನಗುತ್ತಲೇ ಸೋಗೆ ಸರಿಸಿದಳು. "ನಿಮ್ಮ ಕೈಲೆ ಆದ ಕೂರಿಗಿ ಇನ್ನೂ ಬಿತ್ತಾಕತ್ತೈತ್ರಿ. ಬೇಕಾದಷ್ಟು ಎಳಕೋರಿ."

ಅಲ್ಲಿಂದ ದೊಡ್ಡಪ್ಪ ನಿಲ್ಲಲಿಲ್ಲ. ಆಯ ಕೊಡುವುದು ಬಿಟ್ಟ ಮನೆಗಳಿಗೂ ಹೋದ. ಮಾತು ಅವನಿಗಿಂತ ಮುಂದೆ ಓಣಿ ತಿರುಗಿತ್ತು. ಹೆಂಗಸರು ಕಟ್ಟಿಗೆಯ ಒಟ್ಟು ಕೆದರಿ, ತಾವೇ ಆರಿಸಿ ಹೊರಗಿಟ್ಟಿದ್ದರು. "ಇದಕ್ಕ ಗುಬ್ಬಿ ಕೂತಂಗ ಗಂಟೈತಿ ನೋಡ್ರಿ" ಅಂತ ಒಬ್ಬಳು. "ಇದು ನಮ್ಮ ಮಾವನಂಗ ಬಾಗೇತಿ, ಒಯ್ರಿ" ಅಂತ ಇನ್ನೊಬ್ಬಳು, ಮಾವ ಕಟ್ಟೆಯ ಮೇಲೆ ಕೂತಿರುವಾಗಲೇ. ಬನ್ನಿಯ ಕಟ್ಟಿಗೆ ಯಾರೂ ಕಡಿಯುವುದಿಲ್ಲ, ಅದೊಂದು ಬಿಟ್ಟು ಈ ಭಾಗದ ಎಲ್ಲ ಗಿಡಗಳ ಕೊಂಬೆಯೂ ಅವತ್ತು ನಮ್ಮ ಪಡಸಾಲೆಗೆ ಬಂತು. ನಾನು ವರ್ಷವಿಡೀ ಅಡ್ಡಾಡಿ ಆರಿಸಿದ್ದರೂ ಅಷ್ಟು ಬಗೆಯವು ಸಿಗುತ್ತಿರಲಿಲ್ಲ.

ಕೆಲಸಕ್ಕೆ ಇಬ್ಬರೂ ಕೂತೆವು. ಒಳ್ಳೆಯ ಬಡಿಗನಿಗೆ ಏನೂ ಮಾಡದೆ ಇರುವುದು ಎಷ್ಟು ಕಷ್ಟ ಅಂತ ನಾನು ಅವತ್ತು ಕಂಡೆ. ತಳ ಕೊಯ್ಯುವಾಗ ದೊಡ್ಡಪ್ಪನ ಎಡಗೈ ತಾನಾಗಿ ತೊಗಟೆ ಕೆತ್ತುವ ಬಾಚಿಯ ಕಡೆ ಹೋಗುತ್ತಿತ್ತು. ಕಡೆಗೆ ಬಾಚಿಯನ್ನು ದೊಡ್ಡವ್ವನ ಕೈಗೆ ಕೊಟ್ಟು, "ಇದನ್ನ ಒಳಗ ಇಡು, ನಾ ಕೇಳಿದ್ರೂ ಕೊಡಬ್ಯಾಡ" ಅಂದ. ಆಮೇಲೆ ಅವನ ಕೈ ಬೇರೆ ದಾರಿ ಹಿಡಿಯಿತು. ನಾನು ಕೊಂಬೆಯನ್ನು ನಿಲ್ಲಿಸಿ ತಟ್ಟಿ ನೋಡುತ್ತಿದ್ದೆನಲ್ಲ, ಅವನು ಮೊದಲು ಅದನ್ನು ಗಿಡದಲ್ಲಿ ಹೇಗಿತ್ತೋ ಹಾಗೆ ಹಿಡಿದು ನೋಡುತ್ತಿದ್ದ. ಬಿಸಿಲ ಕಡೆಯ ತೊಗಟೆ ಒರಟು, ನೆರಳ ಕಡೆಯದು ನುಣುಪು. ಒರಟಿನ ಕಡೆ ಕೂತವರಿಗೆ ಕಾಣುವ ಹಾಗೆ ತಳ ಕೊಯ್ಯುತ್ತಿದ್ದ. ನಾನು ಅಷ್ಟು ವರ್ಷ ಮಾಡಿದ ಕೊರಡುಗಳಿಗೆ ಮುಂದು ಹಿಂದು ಇರಲಿಲ್ಲ, ಅವನ ಕೈಯಲ್ಲಿ ಅವಕ್ಕೆ ಮುಖ ಬಂತು. ಇವತ್ತಿಗೂ ನಾನು ಕಲಿಸುವುದು ಹಾಗೇ.

ಹತಾರ ಪೂಜೆಗೆ ಕೂಡುವ ಮೊದಲಿನ ಸಂಜೆಗೆ ಕೊನೆಯ ಹಿತ್ತಾಳೆ ಬಟ್ಟಲು ಕೂಡಿಸಿದೆವು. ಕೈಗಾಡಿಯಲ್ಲಿ ಹುಲ್ಲು ಹಾಸಿ ಹೊತ್ತು ಮುಳುಗುವುದರೊಳಗೆ ಲಾಡ್ಜಿಗೆ ಮುಟ್ಟಿಸಿದೆವು. ರಾಯರು ಒಂದೊಂದನ್ನೂ ತಾವೇ ಮೇಜಿನ ಮೇಲಿಟ್ಟರು. ಒಂದು ಮೇಜಿನ ಹತ್ತಿರ ಮಾತ್ರ ಇಟ್ಟದ್ದನ್ನು ತಿರುಗಿಸಲು ಹೋದರು. ದೊಡ್ಡಪ್ಪ, "ಬ್ಯಾಡ್ರಿ, ಅದರ ಮಾರಿ ಈ ಕಡೆ ಐತಿ" ಅಂದ. ರಾಯರು ಬಗ್ಗಿ ನೋಡಿ, ಮತ್ತೆ ಹಾಗೇ ಇಟ್ಟರು.

"ಹಬ್ಬ ಮುಗಿಯಲಿ, ಕೋಣೆಗಳ ಲೆಕ್ಕ ಹೇಳುತ್ತೇನೆ" ಅಂದರು ನನಗೆ. ದೊಡ್ಡಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ, ಬಾಗಲಕೋಟೆಗೆ ಹೊರಟ ಪರಿಚಯದವರೊಬ್ಬರನ್ನು ಹುಡುಕಿ, "ಸಾಮಿಲ್‌ದವರಿಗೆ ಹೇಳಿ ಬಿಡ್ರಿ, ನಮ್ಮ ಹುಡುಗ ಬರಾಂಗಿಲ್ಲ. ಅವಗ ಇಲ್ಲೇ ಕೈ ಬಿಡುವಿಲ್ಲ" ಅಂತ ಹೇಳಿ ಬಂದ. ಅಷ್ಟು ಗಟ್ಟಿಯಾಗಿ ಹೇಳಿದನಂತೆ, ಸುತ್ತ ನಿಂತವರಿಗೆಲ್ಲ ಕೇಳಿಸಿತು.

ಉಳಿದದ್ದು ತೊಗಟೆ ತೆಗೆದ ಆ ಕೊರಡುಗಳು. ಚಾಚಾನ ಅಂಗಡಿಗೆ ಹಾಕೋಣ ಅಂದೆ. ದೊಡ್ಡಪ್ಪ ಒಪ್ಪಲಿಲ್ಲ. ವಿಜಯದಶಮಿಯ ಸಂಜೆ ನಮ್ಮ ಕಡೆ ಮನೆ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತಾರೆ. ಅವತ್ತು ದೊಡ್ಡಪ್ಪ ನನ್ನ ತಲೆಯ ಮೇಲೆ ಬುಟ್ಟಿ ಹೊರಿಸಿ ಹೊರಟ. ಕಟ್ಟಿಗೆ ಕೊಟ್ಟ ಒಂದೊಂದು ಮನೆಯಲ್ಲೂ ಬನ್ನಿಯ ಜೊತೆಗೆ ಒಂದೊಂದು ನುಣುಪಾದ ಕೊರಡು.

"ಲಾಡ್ಜಿಗೆ ಕೊಟ್ಟಂಥಾದ್ದು ನಮಗ ಬ್ಯಾಡ್ರಿ ಅಣ್ಣಾ" ಅಂತ ನೀಲವ್ವ ಮೊದಲೇ ಹೇಳಿದಳು. "ತೊಗಟಿ ಇದ್ದದ್ದು ನನ್ನ ಸೊಸಿ ಮರತ ಒಲಿಗೆ ಹಾಕಿ ಬಿಡ್ತಾಳ." ಆಮೇಲೆ ಬುಟ್ಟಿಯಿಂದ ತೆಗೆದದ್ದನ್ನು ಕೈಗೆ ತಗೊಂಡು ಗಲ್ಲಕ್ಕೆ ಒತ್ತಿ ನೋಡಿಕೊಂಡಳು. ದೊಡ್ಡಪ್ಪ ಬೇರೆ ಕಡೆ ನೋಡಿದ.

ಬುಟ್ಟಿ ಬರಿದಾಗುವ ಹೊತ್ತಿಗೆ ಕತ್ತಲಾಗುತ್ತಿತ್ತು. ಓಣಿಯ ತುದಿಯಲ್ಲಿ ನಿಂತು ದೊಡ್ಡಪ್ಪ ಎಲೆ ಅಡಿಕೆ ತೆಗೆಯುತ್ತಿದ್ದ. ಆಗ ಕರೆಂಟು ಹೋಯಿತು. ಊರಿಗೆ ಊರೇ ಒಮ್ಮೆ ಗುಡ್ಡದ ಜೊತೆಗೆ ಕಪ್ಪಾಯಿತು. ಎದುರಿನ ಲಾಡ್ಜಿನ ಊಟದ ಕೋಣೆಯಲ್ಲಿ ಮೊದಲು ಒಂದು ಬತ್ತಿ ಹತ್ತಿತು, ಹಿಂದೆಯೇ ಮೇಜಿನಿಂದ ಮೇಜಿಗೆ ಉಳಿದವು. ಕಿಟಕಿಯಲ್ಲಿ ಒರಟು ಒರಟಾಗಿ ನಮ್ಮ ಕೊರಡುಗಳು ಕಂಡವು, ಊರಿನ ದೊಡ್ಡ ಮಂದಿ ಅವುಗಳ ಸುತ್ತ ಊಟಕ್ಕೆ ಕೂತಿದ್ದರು.

"ನೋಡು ದೊಡ್ಡಪ್ಪಾ" ಅಂದೆ.

ಅವನು ಅತ್ತ ತಿರುಗಿರಲಿಲ್ಲ. ಓಣಿಯ ಕಡೆ ನೋಡುತ್ತಿದ್ದ. ನೀಲವ್ವನ ಕಟ್ಟೆಯ ಮೇಲೆ ಒಂದು ಬತ್ತಿ ಹತ್ತಿತ್ತು. ಅದರಾಚೆಯ ಮನೆಯಲ್ಲಿ ಒಂದು, ಎದುರಿನ ಮಾಡದಲ್ಲಿ ಇನ್ನೊಂದು, ಕೊನೆಯ ಮನೆಯ ತನಕ. ಎಣ್ಣೆ ಕುಡಿದ ಕಟ್ಟಿಗೆ ಆ ಬೆಳಕಿಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಅವನ ಕೈಯ ಕೆಲಸ ಹಾಗೆ ಒಂದೇ ಸಾಲಿಗೆ ನಿಂತದ್ದನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿಕೊಳ್ಳದೆ ಹಿಡಿದುಕೊಂಡೇ ನಿಂತಿದ್ದ. ಹಾಗೇ ಅಂದ:

"ಕರೆಂಟ ಇವತ್ತ ಒಂದೀಟ ತಡಾ ಮಾಡಿ ಬರ್ಲಿ."